ನಮ್ಮ ಬಾಗಿಲ ಮುಂದಿನ ಡೊಂಕು ಗಟಾರ

ಮೊನ್ನೆ ಮೊಮ್ಮಗ ಸವಣೂರ ಸಂತಿಯಿಂದ ಒಂದು ಚೀಲ ಜ್ವಾಳ ತಂದ. ದಾರ್ಯಾಗ ಮಳಿ ಹಿಡದಿತ್ತಂತ. ಚೀಲ ತಂದು ಪಡಸಾಲ್ಯಾಗ ಇಳಿಸಿ, ಹಂಗ ಬಿಟ್ಟು, ಚಾ ಕುಡಕೋತ ಕುಂತ. ಎರಡು ದಿನ ಯಾರೂ ಅದರ ಬಾಯಿ ಬಿಚ್ಚಲಿಲ್ಲ. ಮೂರನೇ ದಿನ ಸೊಸಿ ಬಿಚ್ಚಿದಳು ನೋಡ್ರಿ, ಅಯ್ಯಯ್ಯ, ಆ ವಾಸನಿ! ಬೆಚ್ಚಗ, ಹುಳಿಹುಳಿ, ಕೆಟ್ಟ ಅಂಬಲಿ ವಾಸನಿ. ಉಣ್ಣಾಕ ಕುಂತಾಕಿ ಗಂಗಾಳ ಸರಿಸಿ ಎದ್ದು ಕಟ್ಟಿ ಮ್ಯಾಲೆ ಹೋಗಿ ಕುಂತೆ. ಮೊಮ್ಮಗ ಬೆನ್ನ ಹತ್ತಿ ಬಂದು, "ಯಾಕ ಆಯಿ, ಏನಾತು? ಏನಿದು ವಾಸನಿ?" ಅಂದ.

"ಬೆಕ್ಕು ಸತ್ತಿರಬೇಕು" ಅಂದೆ.

ಅವ ನಕ್ಕೋತ ಒಳಗ ಹೋದ. ಮುದುಕಿಗೆ ಅರಳು ಮರಳು ಅಂದ್ಕೊಂಡಿರಬೇಕು. ಆದ್ರ ನನ್ನ ಬಾಯಾಗ ಆ ಮಾತು ಸುಮ್ಮಕ ಬಂದಿದ್ದಲ್ಲ. ನಲವತ್ತು ವರ್ಷದ ಹಿಂದ ಇದ ವಾಸನಿ ನಮ್ಮ ಮನ್ಯಾಗ ಎದ್ದಾಗ, ಇದ ಮಾತು ನಾ ಇಡೀ ಓಣಿಗೆ ಹೇಳಿದ್ದೆ.

ಒಂದು ಮಾತು ಮೊದಲ ಹೇಳಿಬಿಡ್ತೇನಿ. ನಾ ಮಂದೀನ ಲಗೂನ ನಂಬಾಕಿ ಅಲ್ಲ. ಇದು ನನಗ ಹುಟ್ಟುಗುಣ. ನನ್ನ ತವರುಮನಿ ಮಾಸೂರು, ಮದಗದ ಕೆರಿ ನೀರು ಕುಡಿದು ಬೆಳದಾಕಿ ನಾ. ಅಲ್ಲೆ ಗದ್ದಿಗೆ ನೀರು ಪಾಳಿ ಮ್ಯಾಲೆ ಬಿಡ್ತಿದ್ದರು. ಪಾಳಿ ಅನ್ನೂದು ಹೆಸರಿಗೆ ಅಷ್ಟ. ನಮ್ಮ ಪಾಳಿ ದಿನ ಅಪ್ಪ ಸಲಿಕಿ ಹೊತ್ತು ಹೋಗಿ ನೋಡಿದ್ರ ಕಾಲುವಿ ನೀರು ದೊಡ್ಡವರ ಗದ್ದಿಗೆ ಹೊಳ್ಳಿರ್ತಿತ್ತು. ಅಪ್ಪ ಬದುವಿನ ಮ್ಯಾಲೆ ನಿಂತು ಹೇಳತಿದ್ದ: "ಗಂಗವ್ವಾ, ನೀರು ತಾನಾಗಿ ಎಂದೂ ಹೊಳ್ಳೂದಿಲ್ಲ. ಹೊಳ್ಳೇತಿ ಅಂದ್ರ ಯಾರೋ ಹೊಳ್ಳಿಸ್ಯಾರ." ಅಕ್ಷರ ಕಲೀಲಿಲ್ಲ ನಾ. ಈ ಒಂದು ಮಾತು ಮಾತ್ರ ಚೊಲೋತ್ನ್ಯಾಗಿ ಕಲ್ತೆ.

ನನ್ನ ಕೊಟ್ಟಿದ್ದು ಹತ್ತಿಮತ್ತೂರ ಸನ್ಯಾಕಿನ ಒಂದು ಸಣ್ಣ ಊರಿಗೆ. ಕರಿ ಹೊಲದ ಊರು, ಜ್ವಾಳದ ಊರು. ನಮ್ಮ ಮನಿಯವ್ರು ಫಕ್ಕೀರಪ್ಪ ಅಂತ. ಭಾಳ ಸಮಾಧಾನದ ಮನಶ್ಯಾ. ಹತ್ತು ಮಾತಿಗೆ ಒಂದು ಮಾತು ಆಡಾವ್ರು, ಆ ಒಂದೂ "ಹೋಗಲಿ ಬಿಡು" ಅನ್ನೂದು. ಅತ್ತಿ ಇದ್ದಳು, ಎರಡು ಸಣ್ಣ ಮಕ್ಕಳಿದ್ದವು.

ಲಗ್ನಾದ ಹೊಸತರಾಗ ಅಲ್ಲೆ ನನಗ ಅಗದಿ ಆಶ್ಚರ್ಯ ಆಗಿದ್ದು ಹಗೇವು. ನಮ್ಮ ಕಡೆ ಬತ್ತ ಕಣಜದಾಗ ಇಡ್ತಿದ್ದರು. ಇಲ್ಲೆ ಜ್ವಾಳ ನೆಲದಾಗ! ಒಬ್ಬ ಆಳು ಇಳಿಯುವಷ್ಟು ಸಣ್ಣ ಬಾಯಿ, ಒಳಗ ದೊಡ್ಡ ಗಡಗಿ ಹೊಟ್ಟಿಯಂಗ ಅಗಲ, ಎರಡಾಳು ಆಳ. ಸುತ್ತ ಜ್ವಾಳದ ದಂಟು ಹಚ್ಚಿ, ಜ್ವಾಳ ಸುರುವಿ, ಬಾಯಿಗೆ ಕಲ್ಲು ಇಟ್ಟು, ಮ್ಯಾಲೆ ಮಣ್ಣು ಎಳೆದ್ರ ಮುಗೀತು. ಎರಡು ವರ್ಷ ಆದ್ರೂ ಒಂದು ಕಾಳಿಗೆ ಹುಳ ಹತ್ತೂದಿಲ್ಲ. ಹತ್ತೂದು ಒಂದ, ನೀರು. ಅದಕ್ಕ ನೀರು ನಿಲ್ಲದಂಥ ಎತ್ತರದ ಜಾಗಾ ನೋಡಿ ತೋಡ್ತಿದ್ದರು. ನಮ್ಮೂರಿನ ಹಗೇವು ಎಲ್ಲಾ ಊರ ಮ್ಯಾಲಿನ ದಿಬ್ಬದಾಗ, ಕಣಗಳಾಗ ಇದ್ದವು.

ನಾ ಹೇಳೂದು ಯುದ್ಧದ ಕಾಲದ ಮಾತು. ಎಲ್ಲೋ ದೂರ ಯುದ್ಧ ನಡದಿತ್ತು, ಜ್ವಾಳ ಮಾತ್ರ ನಮ್ಮ ಮನಿಯಿಂದ ಹೋಗ್ತಿತ್ತು. ಲೇವಿ ಅಂತಿದ್ದರು ಅದಕ್ಕ. ಲೇವಿ ಕಾರಕೂನ ಮನಿಗೆ ಬರಾಂವ, ಉಣ್ಣಾವ್ರನ್ನ ಎಣಿಸಾಂವ, "ನಿಮಗ ಇಷ್ಟು ಸಾಕು" ಅಂತ ಅವನ ಹೇಳಾಂವ, ಉಳಿದದ್ದು ಅಳಿಸಿ ಗಾಡಿ ಹೇರಿಸಾಂವ. ನಮ್ಮ ಅತ್ತಿ ಒಂದು ಹೊತ್ತಿಗೆ ಎಷ್ಟು ರೊಟ್ಟಿ ತಿಂತಾಳಂತ ಅವಗೇನ ಗೊತ್ತು! ಆ ಸುಗ್ಗಿಯಾಗ ನಮಗ ಜ್ವಾಳ ಚೊಲೋ ಬಂದಿತ್ತು. ಒಂದು ಹಗೇವು ತುಂಬಿ ಮುಚ್ಚಿ, ಮ್ಯಾಲೆ ಸಗಣಿ ಕುಳ್ಳು ಒಟ್ಟಿದ್ವಿ. ಕಾರಕೂನ ಕೇಳಿದಾಗ ಅತ್ತಿ, "ನಮ್ಮ ಹಗೇವು ಕುಸದು ಹೋಗಿ ಎಷ್ಟು ವರ್ಷ ಆತ್ರೀ ಯಪ್ಪಾ" ಅಂತ ಕಣ್ಣಾಗ ನೀರು ತಂದಳು. ನಮ್ಮ ಐದು ಮಂದಿ ಮುಂದಿನ ಸುಗ್ಗಿ ತನಕ ಉಣ್ಣೂದು, ಬಿತ್ತಿಗಿ ಬೀಜ, ಎಲ್ಲಾ ಆ ಒಂದು ಹಗೇವಿನ್ಯಾಗ ಇತ್ತು. ಊರಾಗ ಯಾರನ್ನ ಕೇಳಿದ್ರೂ ಅವರ ಹಗೇವೂ ಕುಸದಿತ್ತು.

ಅದ ವರ್ಷ ಸರಕಾರದವರಿಗೆ ನಮ್ಮ ಮ್ಯಾಲೆ ಪ್ರೀತಿ ಉಕ್ಕಿ ಬಂತು. ನಮ್ಮ ಹಳೇ ಊರು ಹಳ್ಳದ ದಂಡಿ ತಗ್ಗಿನ್ಯಾಗ. ಮಳಿಗಾಲಕ್ಕ ಹಳ್ಳದ ನೀರು ಒಲಿ ತನಕ ಬರ್ತಿತ್ತು. ಅದಕ್ಕ ಊರು ಮ್ಯಾಲೆ ಎಬ್ಬಿಸಬೇಕು, ಹೊಸ ಗಾಂವಠಾಣ ಮಾಡಬೇಕು, ಮನಿಗೊಂದು ಜಾಗಾ ಕೊಡಬೇಕು ಅಂತ ಹುಕುಂ ಆತು. ಎಲ್ಲೆ? ದಿಬ್ಬದ ಮ್ಯಾಲೆ. ಅಂದ್ರ ನಮ್ಮ ಕಣದಾಗ, ನಮ್ಮ ಹಗೇವಿನ ಮ್ಯಾಲೆ!

ಊರಿಗೆ ಊರ ನಡಗಿತು. ಜಾಗಾ ಹಂಚಾಕ ಚೀಟಿ ಎತ್ತಿಸಿದ್ರು. ಎತ್ತಿದ ಮ್ಯಾಲೆ ಸುರು ಆತು ನೋಡ್ರಿ ಮಜಾ. ಒಬ್ಬಾಂವ, "ನನಗ ಈ ಜಾಗಾ ಆಗಿ ಬರೂದಿಲ್ಲ, ಸ್ವಾಮಿಗೋಳು ಹೇಳ್ಯಾರ" ಅಂದ. ಇನ್ನೊಬ್ಬಾಂವ, "ಅಲ್ಲೆ ನಮ್ಮಪ್ಪ ಕನಸಿನ್ಯಾಗ ಬಂದು ಕುಂತಿದ್ದ" ಅಂದ. ನಾವೂ ಬಿಡಲಿಲ್ಲ. ಅತ್ತಿ, "ನನ್ನ ಸೊಸಿಗೆ ಮೂಡಲ ಬಾಗಿಲು ಬೇಕ" ಅಂತ ಹಟ ಹಿಡದಳು. ಅದಲಿ ಬದಲಿ ಮಾಡಿ ಮಾಡಿ, ಕಡೀಕ ಪ್ರತಿಯೊಬ್ಬರೂ ತಮ್ಮ ತಮ್ಮ ಹಗೇವು ಇದ್ದ ಜಾಗಾಕ ಬಂದು ನಿಂತರು. ಒಬ್ರೂ ಬಾಯಿ ಬಿಡಲಿಲ್ಲ. ಹೊಸ ಜಾಗಾ ಎಲ್ಲಾದರ ಮುಂದೂ, ಮನಿ ಏಳೂದಕ್ಕ ಮೊದಲ, ಒಂದೊಂದು ಕುಳ್ಳಿನ ಒಟ್ಟಲು ಎದ್ದಿತು.

ಇದನ್ನೆಲ್ಲಾ ನೋಡಕೋತ ಒಬ್ರು ಬೇವಿನ ಗಿಡದ ಬುಡಕ ಕುಂತಿದ್ದರು. ಅವರು ಓವರಸೇರ್ರು. ನೆಲದ ಎತ್ತರ ತಗ್ಗು ಅಳದು, ಓಣಿ ಹಾಕಿ, ಗಟಾರ ತೋಡಿಸಾಕ ಶಿಗ್ಗಾಂವಿಯಿಂದ ಬಂದಾವ್ರು. ಐವತ್ತರ ವಯಸ್ಸು, ಒಣಕಲ ಮೈ, ಮೊಣಕೈಗೆ ತ್ಯಾಪಿ ಹಚ್ಚಿದ ಕೋಟು. ಮೂರು ಕಾಲಿನ ದುರ್ಬೀನು ನಿಲ್ಲಿಸಿ ಒಂದ ಕಣ್ಣಿಲೆ ನೋಡತಿದ್ದರಂತ ಊರಾಗ ದುರ್ಬೀನ ರಾಯ್ರು ಅಂತ ಹೆಸರು ಬಿತ್ತು. ನನಗ ಮೊದಲನೇ ದಿನಾನ ಆ ದುರ್ಬೀನಿನ ಮ್ಯಾಲೆ ಸಂಶೆ. ಓಣಿ ನೋಡಾಂವ ಓಣಿ ನೋಡಬೇಕು. ಇದ್ಯಾಕ ನಮ್ಮ ಅಂಗಳದ ಕಡೆ ಹೊಳ್ಳತೈತಿ?

ಅವರ ಕಾಯ್ದೆ ಒಂದ ಎರಡ! ಮನಿ ಪಾಯಾ ಓಣಿಗಿಂತ ಒಂದೂವರಿ ಮೊಳ ಎತ್ತರ ಇರಬೇಕು. ಹಿತ್ತಲದಿಂದ ಓಣಿಗೆ ಇಳಕಲು ಇರಬೇಕು. ಬಚ್ಚಲ ನೀರು ಗಟಾರಕ್ಕ ಸೇರಬೇಕು, ಗಟಾರ ಹಳ್ಳಕ್ಕ ಸೇರಬೇಕು. ಗ್ವಾಡಿ ಕಟ್ಟಾಕ ಯಾರೂ ತಮ್ಮ ಅಂಗಳದ ಮಣ್ಣು ಅಗೀಬಾರದು, ತೆಗ್ಗು ಬಿದ್ದು ನೀರು ನಿಲ್ಲತೈತಿ. "ನೋಡ್ರೆಪಾ, ನೀರು ಗೌಡ್ರ ಮಾತು ಕೇಳೂದಿಲ್ಲ, ಸರಕಾರದ ಮಾತೂ ಕೇಳೂದಿಲ್ಲ. ಇಳಕಲದ ಮಾತು ಅಷ್ಟ ಕೇಳತೈತಿ" ಅಂತಿದ್ದರು. ಎಲ್ಲಾರೂ ಹೂಂ ಹೂಂ ಅಂದ್ರು. ಮನಿಗೆ ಬಂದು, "ಇವಗ ನಮ್ಮ ಅಂಗಳದ ಮಣ್ಣಿನ ಮ್ಯಾಲೆ ಯಾಕ ಇಷ್ಟು ಕಾಳಜಿ?" ಅಂತ ಕಣ್ಣು ಸಣ್ಣ ಮಾಡಿದ್ರು.

ಒಂದಿನ ಎಲ್ಲಾರನ್ನೂ ಕರದು ಸೀದಾ ಕೇಳಿಬಿಟ್ಟರು: "ಇದು ಕಣದ ಜಾಗಾ. ಹಗೇವು ಇದ್ದಾವಂತ ನನಗ ಗೊತ್ತೈತಿ. ಎಲ್ಲೆಲ್ಲೆ ಅದಾವ ಅಷ್ಟ ತೋರಸ್ರಿ. ಅದರ ಬಾಜೂ ಗಟಾರ ಒಯ್ಯಬಾರದು, ಅದಕ್ಕ ಕೇಳಾಕತ್ತೇನಿ."

ಆಹಾ, ಎಂಥಾ ಸವಿ ಮಾತು! ಲೇವಿ ಕಾರಕೂನ ಬೈದು ಕೇಳಿದ್ದನ್ನ ಇಂವ ಬೆಲ್ಲ ಹಚ್ಚಿ ಕೇಳಾಕತ್ತಾನ ಅಂದ್ಕೊಂಡೆ. ಬೆಳ್ಳಗಿದ್ದದ್ದೆಲ್ಲಾ ಹಾಲು ಅನ್ನಾಕ ನಾವೇನು ಸಣ್ಣ ಕೂಸೇನು? ನಮ್ಮವರ ಬಾಯಿ ಒಂಚೂರು ತೆರೀತು. ನಾ ಹಿಂದಿನಿಂದ ಅಂಗಿ ಜಗ್ಗಿದೆ. ಅತ್ತಿ ಮುಂದ ಬಂದು ಮತ್ತ ಅದ ಕಣ್ಣೀರು, ಅದ ಮಾತು: "ಕುಸದು ಹೋಗ್ಯಾವ್ರೀ ಯಪ್ಪಾ." ಓವರಸೇರ್ರು ಆಕಿ ಮಾರಿ ನೋಡಿದ್ರು, ಕುಳ್ಳಿನ ಒಟ್ಟಲು ನೋಡಿದ್ರು, ದುರ್ಬೀನು ಮಡಚಿದ್ರು.

ಹೋಳಿ ಹುಣ್ಣಿವಿ ಮುಗದಿತ್ತು. ನಮ್ಮ ಗ್ವಾಡಿ ಏಳಾಕತ್ತಿದ್ದವು, ಮಣ್ಣು ತುಳಿಸಾಕ, ನೀರು ಹಾಕಾಕ ನಾ ದಿನಾ ಅಲ್ಲೇ ಇರ್ತಿದ್ದೆ. ಗಟಾರಕ್ಕ ಗೂಟ ಬಡೀಕೋತ ಅವರು ನಮ್ಮ ಸಾಲಿಗೆ ಬಂದ್ರು. ಮ್ಯಾಲಿಂದ ಹಳ್ಳದ ತನಕ ಗೂಟ ಸೀದಾ ನಮ್ಮ ಬಾಗಿಲ ಮುಂದ ಹಾದು ಹೋಗಿದ್ದವು. ನನಗ ಖುಷಿ. ಗಟಾರ ಬಾಗಿಲಿಗೆ ಬಂತಂದ್ರ ಬಚ್ಚಲ ನೀರಿನ ಕಾಟ ಇಲ್ಲ. ಎದುರಿನ ಸಾಲಿನ್ಯಾಗ, ಓಣಿ ಆಚಿಗೆ, ಗೌಡ್ರ ದೊಡ್ಡ ಜಾಗಾ. ಅಲ್ಲೆ ಗಟಾರ ಇರಲಿಲ್ಲ.

ಅವತ್ತು ಮಟಮಟ ಮಧ್ಯಾಹ್ನ. ಓವರಸೇರ್ರು ನಮ್ಮ ಕುಳ್ಳಿನ ಒಟ್ಟಲದ ಮುಂದ ನಿಂತು ಕಾಲಾಗಿನ ಚಪ್ಪಲಿ ತಗದ್ರು. ಬರಿಗಾಲಿನ ಹಿಮ್ಮಡದಿಂದ ನೆಲಕ್ಕ ಒಂದು ಏಟು ಹಾಕಿದ್ರು. ಎರಡು ಹೆಜ್ಜಿ ಸರದು ಮತ್ತೊಂದು. ಆ ಬಿಸಲಿಗೆ ಕಾದ ನೆಲದಾಗ, ಕೋಟು ಹಾಕ್ಕೊಂಡು, ಹಿಂಗ ತುಳಕೋತ ನಿಂತ ಮನಶ್ಯಾನ್ನ ನೋಡಿ ಹಗೇವಿನ ಸಪ್ಪಳ ಹುಡುಕಾಕತ್ತಾನ ಅಂದ್ಕೊಂಡೆ. ಕೈಯಾನ ಕೊಡ ಹಂಗ ನಿಂತಿತು.

ತಲಿ ಎತ್ತಿ ನನ್ನ ನೋಡಿದ್ರು. "ತಂಗಿ, ಒಂದು ತಂಬಿಗಿ ನೀರು ಕೊಡವಾ" ಅಂದ್ರು.

ಕೊಟ್ಟೆ. ಕುಡಿತಾರ ಅಂದ್ರ, ಕುಡೀಲಿಲ್ಲ! ಸೀದಾ ನೆಲಕ್ಕ ಸುರುವಿ ಬಗ್ಗಿ ಕುಂತು, ನೀರು ಯಾ ಕಡೆ ಹರೀತೈತಿ ಅಂತ ನೋಡಿದ್ರು. ಅದು ಸ್ವಲ್ಪ ಕೆಳಗ ಹೋಗಿ, ಉಬ್ಬಿಗೆ ತಾಗಿ, ಹೊಳ್ಳಿ ಬಂದು ಅಲ್ಲೇ ನಿಂತು ಇಂಗಿತು. ತಂಬಿಗಿ ನನ್ನ ಕೈಗೆ ಕೊಟ್ಟು, "ಇಲ್ಲೆ ನೆಲ ಎತ್ತರ ಐತವಾ" ಅಂತ ಅಷ್ಟ ಅಂದು ಹೋದ್ರು. ಹಗೇವು ಗೊತ್ತಾಗಿಲ್ಲ, ಪುಣ್ಯ, ಅಂತ ನಾ ಉಸರು ಬಿಟ್ಟೆ.

ಮರುದಿನ ಮುಂಜಾನೆ ಬಂದು ನೋಡ್ತೇನಿ, ಗೂಟ ಇಲ್ಲ! ನಮ್ಮ ಮನಿಗಿಂತ ಹತ್ತು ಮಾರು ಮ್ಯಾಲೇ ಗೂಟದ ಸಾಲು ಡೊಂಕಾಗಿ, ಓಣಿ ದಾಟಿ, ಗೌಡ್ರ ಬಾಗಿಲ ಮುಂದ ಹೋಗಿ, ಅಲ್ಲಿಂದ ಹಳ್ಳಕ್ಕ ಇಳದಿತ್ತು. ನಮ್ಮ ಬಾಗಿಲಿಗೆ ಬರೂ ಗಟಾರ ಗೌಡ್ರ ಬಾಗಿಲಿಗೆ! ನನಗ ಮಾಸೂರ ಬದುವು ಕಣ್ಣಮುಂದ ಬಂತು, ಅಪ್ಪ ಸಲಿಕಿ ಹಿಡದು ನಿಂತಿದ್ದು ಬಂತು. ನೀರು ತಾನಾಗಿ ಹೊಳ್ಳೂದಿಲ್ಲ. ಹಿಂದಿನ ದಿನ ಸಂಜಿಮುಂದ ಓವರಸೇರ್ರು ಗೌಡ್ರ ಕಟ್ಟಿ ಮ್ಯಾಲೆ ಚಾ ಕುಡದಿದ್ದನ್ನ ನಾ ಸ್ವತಾ ನೋಡಿದ್ದೆ. ಇನ್ನೇನು ಸಾಕ್ಷಿ ಬೇಕು?

"ಹೋಗಲಿ ಬಿಡು" ಅಂದ್ರು ನಮ್ಮವರು. "ಬಚ್ಚಲ ನೀರಿಗೆ ಒಂದು ಸಣ್ಣ ಕಾಲುವಿ ತೋಡಿದ್ರ ಆತು."

"ನೀವು ಬಿಡ್ತೀರಿ, ನಾ ಬಿಡೂದಿಲ್ಲ. ನಮ್ಮಪ್ಪ ಜೀವಮಾನ ಬಿಟ್ಟು ಬಿಟ್ಟು ಸತ್ತ" ಅಂದೆ. ಸಾಲಿ ಮಾಸ್ತರ ಕಡೆ ಹೋಗಿ ಅರ್ಜಿ ಬರೆಸಿದೆ. ಓವರಸೇರ್ರು ಗೌಡ್ರಿಗೆ ಒಳಗಾಗಿ ಬಡವರ ಗಟಾರ ತಿರುವ್ಯಾರ ಅಂತ. ನಮ್ಮವರ ಹೆಬ್ಬಟ್ಟು ನಾನ ಹಿಡದು ಒತ್ತಿಸಿದೆ. ಅರ್ಜಿ ಶಿಗ್ಗಾಂವಿ ಕಚೇರಿಗೆ ಹೋತು.

ಹದಿನೈದು ದಿನಕ್ಕ ಮಾಮಲೇದಾರ ಸಾಹೇಬ್ರು ಬಂದ್ರು. ಬೇವಿನ ಗಿಡದ ಬುಡಕ ಖುರ್ಚಿ ಹಾಕಿ ಕುಂತ್ರು, ತೊಡಿ ಮ್ಯಾಲೆ ನಕಾಶ ಹರವಿದ್ರು. ಅವರ ಬೆನ್ನಿಗೆ ಯಾರು ಅಂತೀರಿ? ಲೇವಿ ಕಾರಕೂನ, ಕಂಕುಳಾಗ ಲೆಕ್ಕದ ವಹಿ ಇಟ್ಕೊಂಡು. ಊರ ಮಂದಿ ಎಲ್ಲಾ ಕೂಡಿದ್ದರು.

"ನಕಾಶದಾಗ ಗಟಾರ ಸೀದಾ ಐತಿ. ಇಲ್ಲೆ ಯಾಕ ಡೊಂಕಾತು?" ಅಂತ ಸಾಹೇಬ್ರು ಕೇಳಿದ್ರು.

"ಅಲ್ಲೆ ನೆಲ ಉಬ್ಬೈತ್ರಿ ಸಾಹೇಬ್ರ" ಅಂದ್ರು ಓವರಸೇರ್ರು. "ಸೀದಾ ಒಯ್ಯಬೇಕಂದ್ರ ಆ ಉಬ್ಬಿನ್ಯಾಗ ಆಳ ಕಡೀಬೇಕು. ಇಲ್ಲಂದ್ರ ನೀರು ಮುಂದ ಹೋಗೂದಿಲ್ಲ."

"ಹಂಗಾದ್ರ ಕಡಸ್ರಿ."

"ಕಡ್ಯಾಕ ಬರೂದಿಲ್ರಿ. ಕೆಳಗ ಕಲ್ಲು ಐತಿ."

ನನಗ ತಡಿಯಾಕ ಆಗಲಿಲ್ಲ. ಎಂಥಾ ಹಸಿ ಸುಳ್ಳು! ಮಂದಿ ನಡುವ ನುಗ್ಗಿ ಮುಂದ ಬಂದು, "ಎಲ್ಲೈತ್ರೀ ಕಲ್ಲು? ಎರಡಾಳು ಕಡಿದ್ರೂ ಅಲ್ಲೆ ಬರೇ ಮಣ್ಣ ಐತಿ!" ಅಂತ ಒದರಿಬಿಟ್ಟೆ.

ಸಾಹೇಬ್ರು ತಲಿ ಎತ್ತಿದ್ರು. "ನಿನಗ ಹೆಂಗ ಗೊತ್ತವಾ? ಎರಡಾಳು ಯಾರು ಕಡಿದು ನೋಡ್ಯಾರ?"

ಅಯ್ಯ ಶಿವನ! ಕಾರಕೂನ ವಹಿ ಕಂಕುಳದಿಂದ ಕೈಗೆ ತಗೊಂಡ. ನಮ್ಮ ಅತ್ತಿ ಹಿಂದಿನಿಂದ ನನ್ನ ರಟ್ಟಿ ಹಿಡದಳು, ಉಗುರು ನಟ್ಟು ರಕ್ತ ಬಂತು. ನಮ್ಮದು ಒಂದು ಅಗದ್ರ ಎಲ್ಲಾರದೂ ಅಗೀತಾರಂತ ಎಲ್ಲಾರಿಗೂ ಗೊತ್ತು.

ಆಗ ಓವರಸೇರ್ರು ಮಾತಾಡಿದ್ರು. ನನ್ನ ಕಡೆ ನೋಡಲಿಲ್ಲ, ನೆಲಾ ನೋಡಕೋತ ಮಾತಾಡಿದ್ರು. "ಆಕಿ ಹೇಳೂದು ಖರೇ ಐತ್ರಿ ಸಾಹೇಬ್ರ. ಆಕಿ ಮುಂದನ ನಾನು ಅಲ್ಲೆ ಕಡಿಸಿ ನೋಡಿ, ಹೊಳ್ಳಿ ಮುಚ್ಚಿಸೇನಿ. ಕಲ್ಲು ಇಲ್ಲ. ನಾ ಸುಳ್ಳು ಹೇಳಿದೆ."

"ಸುಳ್ಳು ಯಾಕ ಹೇಳಿದ್ರಿ? ಗೌಡ್ರ ಸಲುವಾಗಿ ತಿರುವಿದ್ರೇನು?"

ಸಾಹೇಬ್ರು ಎರಡು ಸಲ ಕೇಳಿದ್ರು. ಅವರು ಕೋಟಿನ ತ್ಯಾಪಿ ತಿಕ್ಕೋತ ನಿಂತ್ರ ಹೊರತು ಬಾಯಿ ಬಿಡಲಿಲ್ಲ. ಸಾಹೇಬ್ರು ನಕಾಶ ಸುತ್ತಿ ಎದ್ದರು. "ಗಟಾರ ನಕಾಶದಂಗ ಸೀದಾ ಆಗಬೇಕು" ಅಂತ ಹುಕುಂ ಮಾಡಿದ್ರು. ಅದ ವಾರ ಓವರಸೇರ್ರನ್ನ ನಮ್ಮೂರಿಂದ ತಗದು, ಹಾನಗಲ್ಲ ಕಡೆ ರಸ್ತೆ ಖಡಿಗಲ್ಲು ಅಳಿಯೂ ಕೆಲಸಕ್ಕ ಹಾಕಿದ್ರು. ಅಷ್ಟು ದಿನ ದುರ್ಬೀನು ಹಿಡದ ಮನಶ್ಯಾ, ಖಡಿ ರಾಶಿ ಕಾಯೂ ಕೆಲಸಕ್ಕ ಬಂದ.

ನಾ ಹಿಗ್ಗಿ ಹೀರಿಕಾಯಿ ಆದೆ. ಮನಿಗೆ ಬಂದ ಮ್ಯಾಲೆ ಅತ್ತಿ, "ಅಲ್ಲ ಗಂಗವ್ವಾ, ಅಂವ ಯಾವಾಗ ಕಡಿಸಿದ್ದ? ಅಲ್ಲೆ ಒಂದು ಬುಟ್ಟಿ ಮಣ್ಣೂ ಎತ್ತಿದ್ದು ನಾ ನೋಡಿಲ್ಲಲ್ಲ" ಅಂದಳು.

"ಸಿಕ್ಕಬಿದ್ದ ಕಳ್ಳ ಬಾಯಿಗೆ ಬಂದದ್ದು ಹೇಳ್ತಾನ ಅತ್ತಿ, ಅದಕ್ಕೇನು ಲೆಕ್ಕ" ಅಂದೆ. ನೋಡ್ರಿ, ಕಣ್ಣ ಮುಂದ ಐತಿ, ಆದ್ರ ಕಾಣಲಿಲ್ಲ. ಸಂಶೆ ಅನ್ನೂದು ಹಂಗ, ಕೆಟ್ಟದ್ದು ಮೈಲು ದೂರದಾಗ ಕಾಣತೈತಿ, ಒಳ್ಳೇದು ಮೂಗಿನ ಕೆಳಗ ಇದ್ರೂ ಕಾಣೂದಿಲ್ಲ.

ಅಕ್ಷತ್ರಿಗಿಗೆ ಹಾಲು ಉಕ್ಕಿಸಿ ಹೊಸ ಮನಿ ಹೊಕ್ಕಿವಿ. ಅದಾದ ವಾರಕ್ಕ ಗುತ್ತೇದಾರನ ಮಣ್ಣಿನ ಕೆಲಸದವರು ಗಟಾರ ಕಡ್ಯಾಕ ಬಂದ್ರು. ಸೀದಾ, ನಮ್ಮ ಬಾಗಿಲ ಮುಂದ. ಹೊಸ ಓವರಸೇರ ಬಂದಿರಲಿಲ್ಲ, ಹೇಳಾವ್ರಿಲ್ಲ ಕೇಳಾವ್ರಿಲ್ಲ. ನಮ್ಮ ಉಬ್ಬಿಗೆ ಬಂದು ಆಳ ಕಡ್ಯಾಕ ಗುದ್ದಲಿ ಎತ್ತಿದ್ರು ನೋಡ್ರಿ, ಆಗ ನನಗ ಹೊಳೀತು. ಹಗೇವಿನ ಬಾಯಿ ದೂರ ಇದ್ರೂ ಹೊಟ್ಟಿ ಓಣಿ ಕಡೇನ ಇತ್ತು. ಆಳ ಕಡಿದ್ರ ಗುದ್ದಲಿ ಸೀದಾ ಜ್ವಾಳಕ್ಕ ಬೀಳತೈತಿ! ಅಂಬಲಿ ಗಡಗಿ, ಮಜ್ಜಿಗಿ, ಉಳ್ಳಾಗಡ್ಡಿ ತಗೊಂಡು ಓಡಿದೆ. "ಯಪ್ಪಾ, ಇಷ್ಟು ಬಿಸಲಾಗ ಯಾಕ ಜೀವ ಬಡಕೋತೀರಿ? ಇಲ್ಲೆ ಒಂದು ಮೊಳ ಸಾಕು, ನಾವೇನು ಕೇಳ್ತೇವೇನು?" ಅಂದೆ. ಕೆಲಸ ಕಡಿಮಿ ಆಗತೈತಿ ಅಂದ್ರ ಯಾರು ಒಲ್ಲೆ ಅಂತಾರ? ಅಂಬಲಿ ಕುಡಿದು, ನೆಲಾ ಒಂಚೂರು ಕೆರದು ಮುಂದ ಹೋದ್ರು. ಹಗೇವು ಉಳೀತು, ಗಟಾರಾನೂ ಬಂತು, ಎಷ್ಟು ಶ್ಯಾಣ್ಯಾ ಹೆಂಗಸು ನಾನು ಅಂತ ನನ್ನ ಬೆನ್ನು ನಾನ ಚಪ್ಪರಿಸಿಕೊಂಡೆ.

ಮಿರಗದ ಮಳಿ ಹೆಂಗೋ ಹನಿ ಉದುರಿಸಿ ಹೋತು. ಆರಿದ್ರಿ ಮಳಿ ಹಿಡೀತು ನೋಡ್ರಿ, ಎಂಟು ದಿನ ಬಿಡಲಿಲ್ಲ. ಮ್ಯಾಲಿನ ಸಾಲಿನ ನೀರೆಲ್ಲಾ ಗಟಾರಕ್ಕ ಇಳದು ಗಡಗಡ ಬಂತು. ಬಂದು ನಮ್ಮ ಉಬ್ಬಿಗೆ ತಾಗಿ ನಿಂತಿತು. ಓವರಸೇರ್ರು ಸುರುವಿದ ತಂಬಿಗಿ ನೀರು ಹೆಂಗ ನಿಂತಿತ್ತೋ ಹಂಗ. ಮುಂದ ಹೋಗಾಕ ದಾರಿಲ್ಲ, ದಾರಿ ನಾನ ಮುಚ್ಚಿಸಿದ್ದೆ. ನಮ್ಮ ಅಂಗಳ ಕೆರಿ ಆತು. ನಮ್ಮವರು ತೊಯ್ಕೋತ ಗುದ್ದಲಿ ಹಿಡದು ಎರಡು ದಿನ ಕಡದು ನೀರು ಹೊರಗ ಹಾಕಿದ್ರು, ಮ್ಯಾಲಿಂದ ಅಷ್ಟ ಹೊಳ್ಳಿ ಬಂತು. ಎಂಟು ದಿನ ನೀರು ಕುಳ್ಳಿನ ಒಟ್ಟಲದ ಬುಡಕ್ಕ ನಿಂತಿತ್ತು. "ನಮ್ಮ ಹಗೇವು ಗಟ್ಟಿ ಜೇಡಿ ಮಣ್ಣಿಂದು, ಇಳಿಯೂದಿಲ್ಲ" ಅಂತ ಅತ್ತಿ ದಿನಕ್ಕ ಹತ್ತು ಸಲ ಅಂದಳು. ಹತ್ತು ಸಲ ಅಂದಾಗ ನನಗ ತಿಳೀತು, ಆಕಿಗೂ ನಂಬಿಕಿ ಇಲ್ಲಂತ.

ಶ್ರಾವಣದಾಗ ಬಿಸಲು ಬಿದ್ದ ಮ್ಯಾಲೆ ಕುಳ್ಳು ಸರಿಸಿ ಕಲ್ಲು ಎತ್ತಿದ್ವಿ. ಬಿಸಿ ಹಬಿ ಮಾರಿಗೆ ಬಡೀತು. ದೀಪ ಇಳಿ ಬಿಟ್ವಿ, ಆರಿತು. ಒಂದು ದಿನ ಗಾಳಿ ಆಡಾಕ ಬಿಟ್ಟು ನಮ್ಮವರು ಇಳದ್ರು. ಮ್ಯಾಲಿನ ಜ್ವಾಳ ಬೆಳ್ಳಗ ಮೊಳಕಿ ಒಡದು ಚಾಪಿಯಂಗ ಹೆಣಕೊಂಡಿತ್ತು. ಅದರ ಕೆಳಗಿಂದು ಕರ್ರಗ, ಮುದ್ದಿ ಮುದ್ದಿ. ಒಂದು ಬೊಗಸಿ ಎತ್ತಿ ಮ್ಯಾಲೆ ಕೊಟ್ಟು, ಅವರು ಅಲ್ಲೇ ಕುಂತು ಬಿಟ್ರು. ಮ್ಯಾಲೆ ಬರ್ರಿ ಅಂದ್ರೂ ಬರಲಿಲ್ಲ. ಅವತ್ತು "ಹೋಗಲಿ ಬಿಡು" ಅನ್ನಲಿಲ್ಲ.

ಅಳಾಕೂ ಬರಲಿಲ್ರಿ ನಮಗ. ಜ್ವಾಳ ಕೊಳೀತು ಅಂತ ಅತ್ತರ, ಜ್ವಾಳ ಇತ್ತು ಅಂದಂಗಾತಲ್ಲ. ಬಾಯಿಗೆ ಸೆರಗು ತುರಕೊಂಡು ಅತ್ತಿ ಒಳ ಕ್ವಾಣ್ಯಾಗ ಬಿದ್ದಳು. ವಾಸನಿ ಮಾತ್ರ ಓಣಿ ತುಂಬ ಹಬ್ಬಿತು. ಬಾಜೂ ಮನಿ ಸಾವಂತ್ರವ್ವ ಮೂಗು ಮುಚ್ಚಿಕೊಂಡು ಬಂದು, "ಏನಬೇ ಇದು ವಾಸನಿ?" ಅಂದಳು. "ಇಲಿ ಸತ್ತಿರಬೇಕು" ಅಂದೆ. ಆಕಿ, "ಅಯ್ಯ! ಇಲಿ ಬೀಳಾಕತ್ತಾವೇನು? ಪ್ಲೇಗು ಬಂತs!" ಅಂತ ಹೌಹಾರಿದಳು. ಇನ್ನ ಊರು ಬಿಡಸ್ತಾಳ ಈಕಿ ಅಂತ ನಾ ಗಾಬರಿಯಾಗಿ, "ಇಲಿ ಅಲ್ಲಬೇ, ಬೆಕ್ಕು, ಬೆಕ್ಕು ಸತ್ತೈತಿ" ಅಂದೆ. ನಾಲ್ಕು ದಿನಕ್ಕ ಕೆಳಗಿನ ಇನ್ನೆರಡು ಮನಿಯಾಗೂ ಅದ ವಾಸನಿ ಎದ್ದಿತು. ಕೇಳಿದ್ರ ಅವರೂ ಬೆಕ್ಕು ಸತ್ತೈತಿ ಅಂದ್ರು. ಆ ಶ್ರಾವಣದಾಗ ನಮ್ಮೂರಾಗ ಭಾಳ ಬೆಕ್ಕು ಸತ್ತವು. ಒಂದು ಮನಿಯವರೂ ಇನ್ನೊಂದು ಮನಿಯವರ ಮಾರಿ ನೋಡಲಿಲ್ಲ. ಕೊಳೆತ ಜ್ವಾಳ ಅಲ್ಲೇ ಬಿಟ್ಟು, ಮ್ಯಾಲೆ ಮಣ್ಣು ಎಳದ್ವಿ.

ಅಷ್ಟಾದ್ರೂ ನನಗ ಬುದ್ಧಿ ಬಂತೇನು? ಗುತ್ತೇದಾರನ್ನ ಬೈದೆ, ಗೌಡ್ರನ್ನ ಬೈದೆ, ಎಲ್ಲಾರಿಗಿಂತ ಹೆಚ್ಚು ಆ ದುರ್ಬೀನ ರಾಯನ್ನ ಬೈದೆ. ಅವನ ಕಾಲಗುಣ ಅಂದೆ, ಹೋಗೂಮುಂದ ಏನೋ ಮಾಡಿ ಹೋಗ್ಯಾನ ಅಂದೆ.

ದೀಪಾವಳಿ ಮುಂದ ಮನ್ಯಾಗ ಒಲಿ ಹಚ್ಚೂದು ಒಂದ ಹೊತ್ತಿಗೆ ಬಂದಿತ್ತು. ಮಕ್ಕಳಿಗೆ ನುಚ್ಚಿನ ಗಂಜಿ. ನಮ್ಮ ಅಕ್ಕನ್ನ ಹಾನಗಲ್ಲಿಗೆ ಕೊಟ್ಟಿತ್ತು, ಅಲ್ಲೆ ಗದ್ದಿ ಇದ್ದವು. ನಾ ಒಬ್ಬಾಕಿನ ಹೋದೆ. ಅಕ್ಕ ಕೇಳಿದಳು, "ಯಾಕಬೇ ಇಷ್ಟು ಸೊರಗೀದಿ?" ನಾ ಆಕಿಗೂ ಖರೇ ಹೇಳಲಿಲ್ಲ. ಆಕಿ ಹಳೇ ಅಕ್ಕಿ ಗಂಟು ಕಟ್ಟಿ ತಲಿ ಮ್ಯಾಲೆ ಇಟ್ಟಳು. ಆಗ ಪರವಾನಿಗಿ ಇಲ್ಲದ ಒಂದು ತಾಲೂಕಿನ ಕಾಳು ಇನ್ನೊಂದು ತಾಲೂಕಿಗೆ ಒಯ್ಯಾಂಗಿರಲಿಲ್ಲ. ಮ್ಯಾಲೆ ಹಳೇ ಸೀರಿ ಹೊಚ್ಚಿ, ಅರಿವಿ ಗಂಟು ಅನ್ನೂಹಂಗ ಮಾಡಿ ಹೊಂಟೆ.

ಊರ ಹೊರಗ ರಸ್ತೆ ಬಾಜೂ ಖಡಿ ರಾಶಿ ಸಾಲಾಗಿ ಬಿದ್ದಿದ್ದವು. ಒಂದು ರಾಶಿ ಮ್ಯಾಲೆ ಛತ್ರಿ ಬಿಚ್ಚಿಕೊಂಡು ಯಾರೋ ಕುಂತಿದ್ದರು. ಮೊಣಕೈಗೆ ತ್ಯಾಪಿ. ನನ್ನ ಕಾಲು ಅಲ್ಲೇ ನಿಂತವು. ಅವರು ನನ್ನ ನೋಡಿ, ಗುರುತು ಹಿಡದು, ಎದ್ದು ಬರಾಕತ್ತಿದ್ರು. ಹಿಡದು ಕೊಡಾಕ ಬಂದಾನ, ಸೇಡು ತೀರಿಸಿಕೊಳ್ತಾನ, ಗಂಟು ಬಿಚ್ಚಂತಾನ! ಖರೇ ಹೇಳ್ತೇನಿ, ಆಗೂ ನನ್ನ ಮನಸಿನ್ಯಾಗ ಬಂದದ್ದು ಅದ.

ಅವರು ಸನ್ಯಾಕ ಬಂದ್ರು. ಹಿಂದ ಮುಂದ ಯಾರರೆ ಅದಾರೇನು ಅಂತ ನೋಡಿದ್ರು. ಆಮ್ಯಾಲೆ ಸಣ್ಣ ದನಿಲೆ, "ತಂಗಿ, ನಿನ್ನ ಹಗೇವು ಉಳೀತೇನು?" ಅಂದ್ರು.

ಅಷ್ಟ. ಆ ಒಂದು ಮಾತಿಗೆ ಎಲ್ಲಾ ಒಮ್ಮೆಲೆ ತಿಳೀತು. ಹಿಮ್ಮಡದಿಂದ ನೆಲ ತುಳದದ್ದು, ಮರುದಿನ ಗೂಟ ಡೊಂಕಾದದ್ದು, ಇಲ್ಲದ ಕಲ್ಲು ಐತಿ ಅಂದದ್ದು, ಕಡಿಸದ ನೆಲ ಕಡಿಸೇನಿ ಅಂದದ್ದು. ಕಾರಕೂನನ ಮುಂದ ಬಾಯಿ ಬಿಟ್ಟಿದ್ರ ತಮ್ಮ ಕೆಲಸ ಉಳೀತಿತ್ತು, ನಮ್ಮ ಜ್ವಾಳ ಹೋಗ್ತಿತ್ತು. ಆ ಮನಶ್ಯಾ ಬಾಯಿ ಮುಚ್ಚಿಕೊಂಡು ಬಂದು ಈ ಖಡಿ ರಾಶಿ ಮ್ಯಾಲೆ ಕುಂತಿದ್ದ. ಅವನ ಕೆಲಸಾನೂ ನಾನ ಕಳದೆ, ನನ್ನ ಮಕ್ಕಳ ರೊಟ್ಟೀನೂ ನಾನ ಕಳದೆ. ಭೂಮಿ ಬಾಯಿ ತೆರೀಬಾರದೇನು ಅನ್ನಿಸಿತು. ಕಾಲಿಗೆ ಬೀಳಬೇಕು ಅಂದ್ರ ತಲಿ ಮ್ಯಾಲೆ ಗಂಟು.

"ಉಳೀತರಿ" ಅಂದೆ. "ಒಂದು ಕಾಳೂ ಕೆಟ್ಟಿಲ್ರಿ. ನಿಮ್ಮ ಪುಣ್ಯ."

ಅವರ ಕಣ್ಣು ನನ್ನ ತಲಿ ಮ್ಯಾಲಿನ ಗಂಟಿನ ಮ್ಯಾಲೆ ಒಂದು ಗಳಿಗಿ ನಿಂತವು. ಹಿಮ್ಮಡದಿಂದ ತುಳದು ಎರಡಾಳು ಕೆಳಗಿನ ಜ್ವಾಳ ಕಂಡು ಹಿಡದ ಮನಶ್ಯಾ ಅವರು. ಸೀರಿ ಹೊಚ್ಚಿದ ಗಂಟಿನ್ಯಾಗ ಏನೈತಿ ಅಂತ ತಿಳೀದ ಇರತೈತೇನು? ಜ್ವಾಳದ ಊರಿನ ಹೆಣ್ಣುಮಗಳು ಹಗೇವು ತುಂಬ ಜ್ವಾಳ ಇಟ್ಕೊಂಡು ಇಷ್ಟು ದೂರ ಯಾಕ ಬಂದಾಳಂತ ಹೊಳೀದ ಇರತೈತೇನು?

"ಚೊಲೋ ಆತವಾ" ಅಂದ್ರು. "ಅಷ್ಟು ಉಳೀತಲ್ಲ, ಸಾಕು." ಹೊಳ್ಳಿ ಹೋಗಿ ಖಡಿ ರಾಶಿ ಮ್ಯಾಲೆ ಛತ್ರಿ ಬಿಚ್ಚಿ ಕುಂತ್ರು.

ನಾ ತಿರುಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ಯಾರ ಮಾತೂ ನಂಬದಾಕಿ, ಅವತ್ತು ಆ ರಸ್ತೆ ಉದ್ದಕ್ಕೂ ಶಿವನ್ನ ಒಂದ ಬೇಡಿಕೋತ ನಡದೆ: ನನ್ನ ಈ ಒಂದು ಸುಳ್ಳು ಅವರು ನಂಬಿರಲಿ.